ಬಣ್ಣಕ್ಕೆ ಮುನ್ನಿನ ಕೆಲಸ

ಹಲವು ವರ್ಷ ಬಿಸಿಲುಮಳೆಗಳನ್ನುಂಡ ಕಾರಿನ ಲೋಹದ ಮೈ ಇನ್ನೂ ಮಿರುಗುತ್ತಿರುವಾಗಲೇ, ಅದರ ಕನ್ನಡಿಗಳ ಕವಚ, ಮುಂಭಾಗದ ಜಾಲರಿ, ಚಕ್ರಗಳ ಮುಚ್ಚಳ ಮೊದಲಾದ ಪ್ಲಾಸ್ಟಿಕ್ ಅವಯವಗಳು ಬೂದಿ ಬಳಿದಂತೆ ವಿವರ್ಣವಾಗಿರುವುದನ್ನು ನಾವು ದಿನವೂ ಕಾಣುತ್ತೇವೆ. ಇವನ್ನು ಬಿಚ್ಚಿ, ಮನೆಯ ಅಂಗಳದಲ್ಲಿಯೇ ಒಂದು ಸ್ಪ್ರೇ ಡಬ್ಬಿಯಿಂದ ನವೀಕರಿಸುವುದು ಅಸಾಧ್ಯವೇನೂ ಅಲ್ಲ. ಆದರೆ ಬಣ್ಣ ಹಾಯಿಸುವ ಹೊತ್ತು ಅತ್ಯಲ್ಪವೆಂದೂ, ಅದಕ್ಕೆ ಮುನ್ನಿನ ಸಿದ್ಧತೆಯೇ ಕೆಲಸದ ಬಹುಭಾಗವೆಂದೂ ಮೊದಲೇ ಮನಗಾಣತಕ್ಕದ್ದು.

ಅಮೆರಿಕದ ಇಲಿನಾಯ್ ಪ್ರಾಂತದ ಸಿಕಮೋರ್ ಎಂಬ ಊರಿನಲ್ಲಿ, 1949ರಲ್ಲಿ, ಎಡ್ವರ್ಡ್ ಸೀಮೋರ್ ಎಂಬಾತನು ತನ್ನ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲೆಂದು, ಪತ್ನಿಯ ಸೂಚನೆಯಂತೆ, ಒತ್ತಡದ ಡಬ್ಬಿಯಲ್ಲಿ ತುಂಬಿದನು. ಕುಶಲಕರ್ಮಿಯ ಉಪಕರಣವೊಂದು ಗೃಹಸ್ಥನ ಕೈಗೆ ಬಂದುದು ಹೀಗೆ. ಕೌಶಲವನ್ನು ಮಾತ್ರ ನಾವೇ ಸಂಪಾದಿಸಬೇಕು.

ಬಿಚ್ಚಿದ ಭಾಗವನ್ನು ತಿರುವಿ ನೋಡಿದರೆ, ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ತಿಳಿಸುವ ಅಕ್ಷರಗಳು ಅಚ್ಚಾಗಿರುವುದುಂಟು. ಎಬಿಎಸ್ ಎಂದಿದ್ದರೆ ಅದು ಬಣ್ಣವನ್ನು ಸುಲಭವಾಗಿ ಹಿಡಿಯುತ್ತದೆ. ಪಿಪಿ, ಎಂದರೆ ಪಾಲಿಪ್ರೊಪಿಲೀನ್, ಎಂದಿದ್ದರೆ ಅದು ಕೆಸುವಿನೆಲೆಯ ಸ್ವಭಾವದ್ದು. ನೀರೂ ನಿಲ್ಲದ ಆ ಮೈಗೆ ಅಂಟುವರ್ಧಕ ದ್ರವವನ್ನು ಮೊದಲು ತೆಳುವಾಗಿ ಹಾಯಿಸದಿದ್ದರೆ, ಎಷ್ಟೇ ಸುಂದರವಾದ ಬಣ್ಣವಾದರೂ ಕೆಲವು ತಿಂಗಳಲ್ಲಿ ಪೊರೆಯಂತೆ ಸುಲಿದುಬರುವುದು. ಅದಕ್ಕೂ ಮೊದಲು ಸೋಪಿನ ನೀರಿನಿಂದ ತೊಳೆದು, ಮೇಣ ಮತ್ತು ಜಿಡ್ಡನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರಸಿ, 400ರ ಎಮರಿ ಕಾಗದದಿಂದ ಹೊಳಪು ಅಳಿಯುವವರೆಗೆ ಉಜ್ಜಿ, ಮತ್ತೊಮ್ಮೆ ಒರಸಬೇಕು. ಜಿಡ್ಡು ತೆಗೆಯದೆ ಉಜ್ಜಿದರೆ ಅದು ಗೀರುಗಳೊಳಕ್ಕೆ ಇಳಿಯುವುದೇ ಹೊರತು ಹೋಗುವುದಿಲ್ಲ. ಕ್ಲಿಪ್ಪುಗಳು ಕೂರುವ ಗುಳಿಗಳಿಗೆ ಟೇಪು ಅಂಟಿಸಿರಬೇಕು; ಬಣ್ಣದಿಂದ ದಪ್ಪವಾದ ಗುಳಿಯಲ್ಲಿ ಕ್ಲಿಪ್ಪು ಕೂರದು.

ಋತುವಿನ ವಿಷಯವನ್ನು ನಾನು ನಷ್ಟಪಟ್ಟು ಕಲಿತೆ. ಆಷಾಢದ ಒಂದು ಸಂಜೆ, ಮಳೆ ನಿಂತ ಬಿಡುವಿನಲ್ಲಿ, ಎರಡು ಕನ್ನಡಿ ಕವಚಗಳಿಗೆ ಕಪ್ಪು ಬಣ್ಣ ಹಾಯಿಸಿದೆ. ಕಾಲುಗಂಟೆಯೊಳಗೆ ಅವುಗಳ ಮೇಲೆ ಹಾಲು ಚೆಲ್ಲಿದಂತೆ ಬಿಳಿಯ ಮಬ್ಬು ಕವಿಯಿತು. ದ್ರಾವಕವು ವೇಗದಿಂದ ಆವಿಯಾಗುವಾಗ ಮೈಯ ಶಾಖವನ್ನು ಸೆಳೆದುಕೊಳ್ಳುವುದರಿಂದ, ತಣಿದ ಆ ಮೈಯ ಮೇಲೆ ಗಾಳಿಯ ತೇವವು ಇಬ್ಬನಿಯಾಗಿ ಇಳಿದು, ಹಸಿಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟನ್ನೂ ಉಜ್ಜಿ ತೆಗೆದು ಪುನಃ ಆರಂಭಿಸಿದೆ. ಕರಾವಳಿ ಮಲೆನಾಡುಗಳವರು ಸುಗ್ಗಿಯ ಒಣಹವೆಗೆ ಕಾದು, ಬೆಳಗಿನ ಮಂಜು ಹರಿದ ಮೇಲೆ, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನಡಗಿಸಿ ಕೆಲಸಕ್ಕೆ ತೊಡಗುವುದು ಉತ್ತಮ.

ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಗೇಣಿಗಿಂತ ತುಸು ಹೆಚ್ಚು, ಎಂದರೆ ಸುಮಾರು 25 ಸೆಂಟಿಮೀಟರು ದೂರದಲ್ಲಿ ಹಿಡಿದು, ವಸ್ತುವಿನ ಅಂಚಿನಿಂದಾಚೆ ಚಿಮ್ಮಲಾರಂಭಿಸಿ ಇನ್ನೊಂದು ಅಂಚಿನಾಚೆ ನಿಲ್ಲಿಸಬೇಕು; ಪ್ರತಿಯೊಂದು ಸಾಲೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮಣಿಕಟ್ಟು ತಿರುಗದೆ ತೋಳೇ ಚಲಿಸಬೇಕು. ಮೊದಲ ಲೇಪವು ಕೆಳಗಿನದು ಕಾಣುವಷ್ಟು ತೆಳುವಾಗಿದ್ದರೆ ಸಾಕು. ಒಂದೇ ಸಲಕ್ಕೆ ಮುಚ್ಚುವೆನೆಂಬ ಆತುರವೇ ಸೋರುಗೆರೆಗಳಿಗೆ ಕಾರಣ. ಲೇಪಲೇಪಗಳ ನಡುವೆ 10–15 ನಿಮಿಷ ಬಿಡತಕ್ಕದ್ದು. ಬಣ್ಣಕ್ಕೆ ಮೊದಲು ಹೀಗೆಯೇ ಹಾಯಿಸಿದ ಅಡಿಲೇಪ, ಎಂದರೆ ಪ್ರೈಮರ್, ಒಣಗಿದ ಮೇಲೆ 600ರ ಕಾಗದದಿಂದ ನೀರು ಹಾಕಿ ಉಜ್ಜಿ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟು. ಬೆಳ್ಳಿಯಂಥ ಲೋಹವರ್ಣವಾದರೆ ಭಾಗಗಳನ್ನು ಕಾರಿನಲ್ಲಿರುವ ಭಂಗಿಯಲ್ಲಿಯೇ ನಿಲ್ಲಿಸಿ ಹಾಯಿಸಬೇಕು. ಲೋಹದ ಚೂರುಗಳು ಮಲಗುವ ರೀತಿಯಂತೆ ಛಾಯೆಯೇ ಬದಲಾಗುತ್ತದೆ.

ಗಟ್ಟಿಕಾರಕ ಬೆರೆಸುವ ಎರಡು ಭಾಗದ ಕ್ಲಿಯರ್ ಕೋಟು ಅತ್ಯಂತ ಬಾಳಿಕೆಯದು, ನಿಜ. ಆದರೆ ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಗಳಿಗೆ ಗಂಡಾಂತರಕಾರಿಯಾದುದರಿಂದ, ಬಟ್ಟೆಯ ಮುಖವಸ್ತ್ರವನ್ನು ನಂಬಿ ಯಾರೂ ಅದನ್ನು ಮನೆಯಲ್ಲಿ ಚಿಮ್ಮಿಸಬಾರದೆಂದು ಕೈಮುಗಿದು ಹೇಳುತ್ತೇನೆ. ಸಾಧಾರಣ ಡಬ್ಬಿಗೂ ತೆರೆದ ಜಾಗ, ಆವಿ ಶೋಧಿಸುವ ಮುಖವಾಡ, ಬೆಂಕಿಯಿಂದ ದೂರ, ಇವು ಬೇಕೇಬೇಕು.

ಮುಟ್ಟಿದರೆ ಅಂಟದ ಮಾತ್ರಕ್ಕೆ ಒಣಗಿತೆಂದು ಭಾವಿಸದೆ, ಒಂದು ವಾರ ನೆರಳಿನಲ್ಲಿಟ್ಟು, ಕಿತ್ತಳೆ ಸಿಪ್ಪೆಯಂಥ ತರಿ ಉಳಿದಿದ್ದರೆ 2000ದ ಕಾಗದದಿಂದ ನೀರಿನಲ್ಲಿ ಹಗುರವಾಗಿ ಸವರಿ, ಪಾಲಿಷ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಬೇಕು. ಆ ಕವಚಗಳನ್ನು ಎರಡನೆಯ ಸಲ ಹೀಗೆ ಮುಗಿಸಿ ಕಾರಿಗೆ ಕೂರಿಸಿದ ದಿನ, ಅಂಗಳದ ತೆಂಗಿನ ಗರಿಗಳು ಅವುಗಳಲ್ಲಿ ಒಂದೊಂದಾಗಿ ಎಣಿಸುವಂತೆ ಬಿಂಬಿಸಿದುವು.