ಪವರ್ ಸಪ್ಲೈ ಬದಲಿಸಿದರೂ ಚಾಲೂ ಆಗದ ಕಂಪ್ಯೂಟರು: ವರ್ತಕರು ತಿಳಿದಿರಬೇಕಾದ ಸಂಗತಿಗಳು

ತಿಂಗಳ 18ನೆಯ ತಾರೀಖು. ಮಧ್ಯಾಹ್ನದ ಮಳೆಗೆ ವಿದ್ಯುತ್ತು ಹೋಗಿ ಮರಳಿ ಬಂದ ಕ್ಷಣದಲ್ಲಿ ಸಗಟು ವ್ಯಾಪಾರಿಯೊಬ್ಬರ ಕಚೇರಿಯ ಕಂಪ್ಯೂಟರು ಆರಿಹೋಗುತ್ತದೆ. ಟೆಕ್ನಿಷಿಯನ್ ಬಂದು ಎಸ್‌ಎಂಪಿಎಸ್ ಸುಟ್ಟಿದೆಯೆಂದು ಹೊಸದನ್ನು ಕೂಡಿಸುತ್ತಾನೆ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. "ಒಂದು ಸಲ ಫಾರ್ಮ್ಯಾಟ್ ಮಾಡಿ ನೋಡೋಣ ಸಾರ್" ಎಂಬ ಸಲಹೆ ಬರುತ್ತದೆ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ಗಡಿಬಿಡಿಯಲ್ಲಿರುವ ಮಾಲೀಕರು ತಲೆಯಾಡಿಸುತ್ತಾರೆ. ಇಂಥ ಪ್ರಸಂಗ ನಮ್ಮ ವರ್ತಕ ಬಂಧುಗಳಿಗೆ ಅಪರಿಚಿತವೇನಲ್ಲ.

ಈ ಸಲಹೆಗೆ ಒಪ್ಪುವ ಮುನ್ನ ಒಂದು ಸಂಗತಿಯನ್ನು ಮನಗಾಣಬೇಕು. ಪರದೆಯಲ್ಲಿ ಏನೂ ಮೂಡದಿದ್ದರೆ ಯಂತ್ರವು ಹಾರ್ಡ್ ಡಿಸ್ಕನ್ನು ಓದುವ ಹಂತಕ್ಕೇ ತಲುಪಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ತಲುಪದ ಸ್ಥಳದಲ್ಲಿರುವ ವಸ್ತುವನ್ನು ಅಳಿಸಿ ದೋಷ ಪರಿಹರಿಸುವುದು ಸಾಧ್ಯವಿಲ್ಲ. ಫಾರ್ಮ್ಯಾಟ್ ಮಾಡಿದರೆ ಹೋಗುವುದು ಲೆಕ್ಕಪತ್ರವೇ ಹೊರತು ರೋಗವಲ್ಲ.

ಹಾಗಾದರೆ ದೋಷವಿರುವುದೆಲ್ಲಿ? ಎಸ್‌ಎಂಪಿಎಸ್ ಎಂಬುದು ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟುಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ. ಅದರಿಂದ ಮದರ್‌ಬೋರ್ಡಿಗೆ ಎರಡು ಪ್ರತ್ಯೇಕ ಕನೆಕ್ಟರುಗಳು ಹೋಗುತ್ತವೆ. 24 ಪಿನ್ನಿನ ದೊಡ್ಡದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರೊಸೆಸರಿಗೆಂದೇ ಇರುವ 4 ಅಥವಾ 8 ಪಿನ್ನಿನದು ಬೋರ್ಡಿನ ಮೂಲೆಯಲ್ಲಿ, ಫ್ಯಾನಿನ ಮರೆಯಲ್ಲಿರುವುದರಿಂದ ಅವಸರದಲ್ಲಿ ಮರೆತುಹೋಗುತ್ತದೆ. ಆಗ ಫ್ಯಾನು ತಿರುಗಿದರೂ ಪ್ರೊಸೆಸರು ಎಚ್ಚರಗೊಳ್ಳುವುದಿಲ್ಲ. ಮೇಲಿನ ಪ್ರಸಂಗದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಕೊಂಡಿಯ ಸದ್ದು ಕೇಳುವಷ್ಟು ಎರಡನ್ನೂ ಒತ್ತಿ ಕೂಡಿಸತಕ್ಕದ್ದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿದ್ದಲ್ಲಿ ಅದರ ವಿದ್ಯುತ್ ಕನೆಕ್ಟರನ್ನೂ ಪರೀಕ್ಷಿಸಬೇಕು. ಕೆಲಸದ ನಡುವೆ ಕೈ ತಾಗಿ ರ್‍ಯಾಮ್ ಸಡಿಲಗೊಂಡಿರುವುದೂ ಉಂಟು. ತೆಗೆದು ಮತ್ತೆ ಕೂಡಿಸಿದರೆ ಸಾಕು.

ಫ್ಯಾನೂ ತಿರುಗದಿದ್ದರೆ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ಚು, ಯುಪಿಎಸ್, ಮುಂಭಾಗದ ಗುಂಡಿಯಿಂದ ಬೋರ್ಡಿಗೆ ಹೋಗುವ ಎಳೆಯಂಥ ತಂತಿ, ಇವನ್ನು ಕ್ರಮವಾಗಿ ನೋಡಬೇಕು. ಒಂದು ಕ್ಷಣ ತಿರುಗಿ ನಿಂತು ಮತ್ತೆ ತಿರುಗುತ್ತಿದ್ದರೆ ಎಲ್ಲೋ ಶಾರ್ಟ್ ಆಗಿರುವ ಸಂಭವವುಂಟು. ಆಗ ಡಿಸ್ಕು, ಕಾರ್ಡು ಎಲ್ಲವನ್ನೂ ಕಳಚಿ, ಒಂದೇ ರ್‍ಯಾಮಿನೊಡನೆ ಚಾಲೂ ಮಾಡಿ, ಬಳಿಕ ಒಂದೊಂದನ್ನೇ ಸೇರಿಸುತ್ತ ಬರುವುದು ಪದ್ಧತಿ. ತಾಳೆಯಾಗದ ಟ್ರಯಲ್ ಬ್ಯಾಲೆನ್ಸಿನಲ್ಲಿ ತಪ್ಪು ಹುಡುಕುವ ಬಗೆಯೂ ಇದೇ ಅಲ್ಲವೇ?

ಇನ್ನೊಂದು ಬಗೆಯಲ್ಲಿ ಕಂಪನಿಯ ಲಾಂಛನ ಮೂಡಿ, ಬೂಟ್ ಡಿವೈಸ್ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಡಿಸ್ಕಿನ ಎರಡು ಕೇಬಲ್ಲುಗಳಲ್ಲಿ ಒಂದು ಬಿಟ್ಟುಹೋಗಿರಬಹುದು, ಇಲ್ಲವೇ ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಕ್ಷೀಣಿಸಿ ಬಯಾಸ್‌ನ ಆಯ್ಕೆಗಳು ಬದಲಾಗಿರಬಹುದು. ಇಲ್ಲಿಯೂ ಫಾರ್ಮ್ಯಾಟಿಗೆ ಆತುರ ಸಲ್ಲದು.

ನಿಜವಾದ ಅಪಾಯವಿರುವುದು ಬೇರೆಡೆ. ಕೇಬಲ್ಲುಗಳನ್ನು ಪೂರ್ಣ ಬಿಚ್ಚಬಹುದಾದ ಎಸ್‌ಎಂಪಿಎಸ್‌ಗಳಲ್ಲಿ ಹಳೆಯ ಕೇಬಲ್ಲನ್ನೇ ಹೊಸ ಪೆಟ್ಟಿಗೆಗೆ ಸಿಕ್ಕಿಸುವ ಅಭ್ಯಾಸವಿದೆ. ನೋಡಲು ಒಂದೇ ಆಗಿದ್ದರೂ ಪೆಟ್ಟಿಗೆಯ ಕಡೆಯ ಪಿನ್ನುಗಳ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕು ಸುಡುತ್ತದೆ. ಫಾರ್ಮ್ಯಾಟ್ ಮಾಡದೆಯೇ ವರ್ಷಗಳ ಲೆಕ್ಕ ಬೂದಿಯಾಗುತ್ತದೆ. ಕೆಲವು ಬ್ರಾಂಡೆಡ್ ಯಂತ್ರಗಳ ಕನೆಕ್ಟರು 24 ಪಿನ್ನಿನದಾಗಿರದೆ ತಮ್ಮದೇ ರೀತಿಯದಾಗಿರುವುದರಿಂದ ಮಾದರಿ ಸಂಖ್ಯೆ ಹೇಳಿಯೇ ಕೊಳ್ಳಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಕಾಲ ಉಳಿದಿರಬಹುದು.

ಇಷ್ಟಾಗಿಯೂ ಯಂತ್ರ ಏಳದಿದ್ದರೆ ದುರಸ್ತಿಯನ್ನು ಅಲ್ಲಿಗೇ ಬಿಟ್ಟು ಡಿಸ್ಕನ್ನು ಹೊರತೆಗೆಸುವುದು ಜಾಣತನ. ಯುಎಸ್‌ಬಿ ಕೇಸಿಂಗಿನಲ್ಲಿಟ್ಟು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಲೆಕ್ಕಪತ್ರದ ಫೋಲ್ಡರನ್ನು ನಕಲು ಮಾಡಿಕೊಳ್ಳಬಹುದು. ರಿಟರ್ನ್ ಸಲ್ಲಿಸಲು ಬೇಕಾದದ್ದು ಅಂಕಿ ಅಂಶಗಳೇ ಹೊರತು ಅದೇ ಯಂತ್ರವಲ್ಲ. ಇತ್ತೀಚಿನ ಹಲವು ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಬೀಗವಿರುತ್ತದೆ. ಡಿಸ್ಕನ್ನು ಬೇರೆಡೆ ಜೋಡಿಸಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮುಂಚಿತವಾಗಿಯೇ ಬರೆದು ಬೀರುವಿನಲ್ಲಿಡತಕ್ಕದ್ದು.

ವಿಳಂಬದ ಬೆಲೆ ಸಣ್ಣದಲ್ಲ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ರಿಟರ್ನಿಗೆ 20 ರೂಪಾಯಿ ಶುಲ್ಕ. ನಗದಾಗಿ ಕಟ್ಟಬೇಕಾದ ತೆರಿಗೆಗೆ ಶೇ. 18ರ ಬಡ್ಡಿ. ಇದೇ ಅವಘಡ 10ನೆಯ ತಾರೀಖು ಸಂಭವಿಸಿ, ತಿಂಗಳಿಗೊಮ್ಮೆ ಸಲ್ಲಿಸುವವರ ಜಿಎಸ್‌ಟಿಆರ್-1 11ನ್ನು ದಾಟಿ ತಪ್ಪಿದರೆ, ಆ ಬಿಲ್ಲುಗಳು 14ರಂದು ಸಿದ್ಧವಾಗುವ ಗ್ರಾಹಕರ 2ಬಿಯಲ್ಲಿ ಕಾಣುವುದಿಲ್ಲ. ಅವರ ಇನ್‌ಪುಟ್ ಕ್ರೆಡಿಟ್ ಮುಂದೆ ಹೋಗುತ್ತದೆ, ಅವರಿಂದ ಬರಬೇಕಾದ ಹಣವೂ ನಿಲ್ಲುತ್ತದೆ. ದಂಡಕ್ಕಿಂತ ಇದೇ ಹೆಚ್ಚು ನೋಯುವುದು.

ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗಾದರೆ 2022ರ ಆಗಸ್ಟಿನ ತಿದ್ದುಪಡಿಯ ಬಳಿಕ ದಿನನಿತ್ಯದ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕು. 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕೂಡ ಕಡ್ಡಾಯ. ಹಳೆಯ ಬ್ಯಾಕಪ್ಪಿನಿಂದ ಮತ್ತೆ ಆರಂಭಿಸಿ ಬಿಟ್ಟುಹೋದ ವೋಚರುಗಳನ್ನು ನಮೂದಿಸಿದಲ್ಲಿ, ನಮೂದಿಸಿದ ದಿನಾಂಕ ಬೇರೆಯಾಗಿ ದಾಖಲಾಗುತ್ತದೆ. ಲೆಕ್ಕ ಪರಿಶೋಧಕರು ಕೇಳುವ ಮುನ್ನವೇ ಘಟನೆಯ ದಿನ, ಕಾರಣ, ಮರುನಮೂದಿಸಿದ ವೋಚರುಗಳ ಪಟ್ಟಿಯುಳ್ಳ ಟಿಪ್ಪಣಿಯೊಂದನ್ನು ಬರೆದು, ದುರಸ್ತಿಯ ಬಿಲ್ಲಿನೊಡನೆ ಫೈಲಿನಲ್ಲಿರಿಸುವುದು ಒಳಿತು. ಆ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿಐಎನ್ ಹಾಗೂ ಎಸ್‌ಎಂಪಿಎಸ್‌ನ ಸೀರಿಯಲ್ ಸಂಖ್ಯೆ ಎರಡೂ ಇವೆಯೇ ಎಂದು ನೋಡಿಕೊಳ್ಳಬೇಕು. ಮೊದಲನೆಯದು ಕ್ರೆಡಿಟ್ಟಿಗೆ, ಎರಡನೆಯದು ವಾರಂಟಿಗೆ.