ನಿಮಗಿದು ಗೊತ್ತೆ? ಇಲ್ಲದ ಕೈಗೂ ತಾಲೀಮು ಉಂಟು

ಕಬ್ಬು, ಸೋಯಾಬೀನ್ ಬೆಳೆಯುವ ಉದಗೀರ, ನಿಲಂಗಾ, ಉಮರಗಾದಂಥ ಸೀಮೆಗಳಲ್ಲಿ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರಗಳು ಕೈಗೆ ಅಪಾಯ ತರಬಲ್ಲವು. ಕೈ ಹೋದರೂ ಮಿದುಳಿನಲ್ಲಿ ಅದರ ನಕ್ಷೆ ಬಹುಮಟ್ಟಿಗೆ ಉಳಿಯುತ್ತದೆ. ಇಲ್ಲದ ಕೈ ಇದೆಯೆನಿಸುವ ಈ ಅನುಭವಕ್ಕೆ 1871ರಲ್ಲಿ ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ ‘ಫ್ಯಾಂಟಮ್’ ಅಂಗ ಎಂದು ಹೆಸರಿಟ್ಟರು. ಚೆನ್ನೈನಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದರ ನೋವಿಗೆ ಒಂದು ಸಾದಾ ಕನ್ನಡಿಯನ್ನು ಮದ್ದಾಗಿಸಿದರು: ಇರುವ ಕೈಯ ಬಿಂಬ, ಇಲ್ಲದ ಕೈಯ ಜಾಗದಲ್ಲಿ.

ಮಯೋಎಲೆಕ್ಟ್ರಿಕ್ ಕೃತಕ ಕೈಗೂ ಈ ನಕ್ಷೆಯೇ ಆಸರೆ. ಇಲ್ಲದ ಮುಷ್ಟಿ ಬಿಗಿಯಲು ಯತ್ನಿಸಿದಾಗ ಉಳಿದ ತೋಳಿನ ಸ್ನಾಯು ಸಂಕುಚಿಸಿ ಕ್ಷೀಣ ವಿದ್ಯುತ್ ಸಂಕೇತ ಹೊಮ್ಮಿಸುತ್ತದೆ. ಚರ್ಮದ ಮೇಲಿನ ಎಲೆಕ್ಟ್ರೋಡ್ ಅದನ್ನು ಗ್ರಹಿಸುತ್ತದೆ, ಆ ಸಂಕೇತದಂತೆ ಮೋಟಾರು ನಡೆಯುತ್ತದೆ. ಬರೀ ಕಲ್ಪನೆ ಬೇರೆ, ಯತ್ನ ಬೇರೆ. ಸ್ನಾಯು ಮಿಸುಕದಂತೆ ಚಲನೆಯನ್ನು ಮನಸ್ಸಿನಲ್ಲೇ ಕಂಡರೂ ಮಿದುಳಿನ ಚಲನಾ ಯೋಜನೆಯ ಭಾಗಗಳು ಚುರುಕಾಗುತ್ತವೆ, ಆದರೆ ಯಂತ್ರಕ್ಕೆ ಅದು ತಿಳಿಯದು. ಆದ್ದರಿಂದ ಕಲ್ಪನೆಯ ಅಭ್ಯಾಸ ತರಬೇತಿಗೆ ಪೂರಕವಷ್ಟೇ, ಬದಲಿಯಲ್ಲ. ಗಾಯ ಮಾಯುವವರೆಗೆ, ಕೃತಕ ಕೈ ತಯಾರಾಗುವವರೆಗೆ ಕಾಯುವಾಗ ಅದು ಹೆಚ್ಚು ಉಪಯುಕ್ತ.

ಕೇಬಲ್‌ನಿಂದ ನಡೆಯುವ ಅಗ್ಗದ ಕೃತಕ ಕೈಯ ಲೆಕ್ಕ ಬೇರೆ. ಅದನ್ನು ಸಾಮಾನ್ಯವಾಗಿ ತೆರೆಯುವುದು ಭುಜದ ಎಳೆತ. ಹಾಗಾಗಿ ಮನಸ್ಸಿನಲ್ಲಿ ಕಾಣಬೇಕಾದ್ದು ಬೆರಳನ್ನಲ್ಲ, ಭುಜವನ್ನು.