ಪಂಚಾಯಿತಿ ಅಂದ್ರೆ ಬರೀ ಮೆಂಬರುಗಳಲ್ಲ



ಹೋದ ಸಲದ ಗೋಡೆ ಪತ್ರಿಕೆಗೆ ನಾನು ಉಲ್ಕೆಗಳ ಬಗ್ಗೆ ಬರೆದಿದ್ದೆ. ಈ ಸಲ ಆಕಾಶ ಬಿಟ್ಟು ನಮ್ಮೂರಿಗೇ ಇಳಿದಿದ್ದೇನೆ. ನಮ್ಮ ಗ್ರಾಮ ಪಂಚಾಯಿತಿಯನ್ನು ನಡೆಸುವವರು ಯಾರು ಅಂತ ಕೇಳಿದರೆ ನಾವೆಲ್ಲ ಏನು ಹೇಳ್ತೀವಿ? ಅಧ್ಯಕ್ಷರು, ಉಪಾಧ್ಯಕ್ಷರು, ಮೆಂಬರುಗಳು, ಪಿಡಿಓ ಸಾಹೇಬರು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸೂ ಸಿಗುತ್ತೆ. ನಾನೂ ಅಷ್ಟೇ ಅಂದುಕೊಂಡಿದ್ದೆ. ನಮ್ಮವ್ವನ ಹೆಸರು ಒಂದು ಪಟ್ಟಿಯಲ್ಲಿ ಕಾಣೋವರೆಗೂ.

ನಡೆದದ್ದು ಹೀಗೆ. ಮನೆ ಕಂದಾಯ ಕಟ್ಟಲು ಅಪ್ಪನ ಜೊತೆ ಪಂಚಾಯಿತಿ ಆಫೀಸಿಗೆ ಹೋಗಿದ್ದೆ. ರಸೀದಿ ಬರೆಯೋದು ತಡವಾಯಿತು. ಸುಮ್ಮನೆ ಗೋಡೆ ಮೇಲಿನ ಕಾಗದಗಳನ್ನು ಓದುತ್ತಾ ನಿಂತೆ. ‘ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ, ಸದಸ್ಯರು’ ಅಂತ ಒಂದು ಪಟ್ಟಿ. ಏಳನೇ ಹೆಸರು ನಮ್ಮವ್ವನದು! ಮನೆಗೆ ಓಡಿಬಂದು ಹೇಳಿದರೆ ಅವ್ವ ಮುದ್ದೆ ತೊಳೆಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. “ನಾನ್ಯಾವ ಸಮಿತೀಲೂ ಇಲ್ಲ ಕಣೇ, ಅದು ಇನ್ಯಾರೋ ಇರಬೇಕು” ಅಂದಳು. ಆಮೇಲೆ ರಾತ್ರಿ ನೆನಪು ಮಾಡಿಕೊಂಡಳು. ಎರಡು ವರ್ಷದ ಕೆಳಗೆ ಯಾರೋ ಬಂದು ಆಧಾರ್ ಕಾರ್ಡಿನ ಜೆರಾಕ್ಸು, ಒಂದು ಸಹಿ ತೆಗೆದುಕೊಂಡು ಹೋಗಿದ್ದರಂತೆ. ಸಂಘದ ಸಾಲಕ್ಕೆ ಅಂತ ಇವಳು ತಿಳಿದಿದ್ದಳು. ಎರಡು ವರ್ಷದಿಂದ ನಮ್ಮವ್ವ ಊರಿನ ನೀರಿನ ಮೇಲೆ ಅಧಿಕಾರ ಇರೋ ಹೆಂಗಸು. ಅವಳಿಗೇ ಗೊತ್ತಿಲ್ಲ! ಒಂದು ಮೀಟಿಂಗಿಗೂ ಯಾರೂ ಕರೆದಿರಲಿಲ್ಲ.

ಮಾರನೇ ದಿನ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ, ನಾನು ಲೈಬ್ರರಿಯಲ್ಲಿ ಓದಿದ್ದನ್ನೂ ಸೇರಿಸಿ ಬರೆಯುತ್ತೇನೆ.

ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾನೂನು 1993ರದು. ಅದರ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಮೆಂಬರು. ಅವರಿಗೂ ಹೊಲ ಮನೆ ಇರುತ್ತೆ, ದನ ಕರು ಇರುತ್ತೆ. ಬೀದಿ ದೀಪ, ಚರಂಡಿ, ನೀರು, ಅಂಗನವಾಡಿ, ಶಾಲೆ ಎಲ್ಲವನ್ನೂ ಒಬ್ಬೊಬ್ಬರೇ ನೋಡಿಕೊಳ್ಳೋಕೆ ಆಗುತ್ತಾ? ಅದಕ್ಕೇ ಸಮಿತಿಗಳು. ಪಂಚಾಯಿತಿ ಒಳಗೇ ಮೂರು ಸ್ಥಾಯಿ ಸಮಿತಿಗಳಿವೆ. ಸಾಮಾನ್ಯ ಸ್ಥಾಯಿ ಸಮಿತಿ, ಹಣಕಾಸು ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ. (ನಮ್ಮ ಲೈಬ್ರರಿಯ ಹಳೇ ಪುಸ್ತಕದಲ್ಲಿ ‘ಉತ್ಪಾದನಾ ಸಮಿತಿ’, ‘ಸೌಕರ್ಯ ಸಮಿತಿ’ ಅಂತ ಇದೆ. ಅದು ಕಾನೂನು ತಿದ್ದುಪಡಿ ಆಗೋ ಮುಂಚಿನದು, ಕ್ವಿಜ್‌ನಲ್ಲಿ ಹಾಗೆ ಹೇಳಬೇಡಿ.) ಈ ಮೂರರಲ್ಲೂ ಮುಖ್ಯವಾಗಿ ಇರುವವರು ಗೆದ್ದು ಬಂದ ಮೆಂಬರುಗಳು.

ಚುನಾವಣೆಗೆ ನಿಲ್ಲದ, ನಮ್ಮ ನಿಮ್ಮ ಮನೆಯವರೇ ಕೂರುವ ಸಮಿತಿಗಳು ಬೇರೆ ಇವೆ. ಅಂಗನವಾಡಿಗೆ ಬಾಲವಿಕಾಸ ಸಮಿತಿ. ಆರೋಗ್ಯಕ್ಕೆ ಒಂದು, ಅದರಲ್ಲಿ ಆಶಾ ಅಕ್ಕ ಇರುತ್ತಾರೆ. ಊರಿನ ಗಿಡ ಮರ, ಸೊಪ್ಪು, ನಾಟಿ ತಳಿಗಳನ್ನು ದಾಖಲೆ ಮಾಡೋಕೆ ಜೀವವೈವಿಧ್ಯ ಸಮಿತಿ; ಇದು 2002ರ ಕಾನೂನಿನಿಂದ ಬಂದದ್ದು. ನಮ್ಮ ಶಾಲೆಗೆ ಎಸ್.ಡಿ.ಎಂ.ಸಿ. ಇದೆಯಲ್ಲ, ಅದೂ ಇಂಥದ್ದೇ. 15 ಆಗಸ್ಟಿಗೆ ಮಿಠಾಯಿ ಹಂಚೋಕೆ ಬರೋ ಸಮಿತಿ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. 2009ರ ಶಿಕ್ಷಣ ಹಕ್ಕು ಕಾನೂನು ಹೇಳುವಂತೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಗೆ ಬಂದ ಹಣ ಎಲ್ಲಿ ಹೋಯಿತು ಅಂತ ಕೇಳೋದು, ಶಾಲೆಗೆ ಏನೇನು ಬೇಕು ಅಂತ ಯೋಜನೆ ಬರೆಯೋದು ಅವರ ಕೆಲಸ.

ಈಗ ಅವ್ವನ ಸಮಿತಿಗೆ ಬರ್ತೀನಿ. 2019ರಲ್ಲಿ ಜಲಜೀವನ್ ಯೋಜನೆ ಶುರುವಾಯಿತು. ಮನೆ ಮನೆಗೆ ನಲ್ಲಿ ಹಾಕಿದರಲ್ಲ, ಅದು. ಅದರ ನಿಯಮದಂತೆ ನೀರು ಸಮಿತಿಯಲ್ಲಿ 10ರಿಂದ 15 ಜನ. ಮೆಂಬರುಗಳು ಕಾಲು ಭಾಗ ಮೀರುವ ಹಾಗಿಲ್ಲ. ಅರ್ಧ ಹೆಂಗಸರು, ಕಾಲು ಭಾಗ ಹಿಂದುಳಿದ ಕೇರಿಗಳ ಬಡವರು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಮೇಷ್ಟ್ರು, “ನೀರು ಹೊರೋರು ಯಾರು, ಕುಡಿಯೋರು ಯಾರು, ಯೋಚನೆ ಮಾಡು” ಅಂದರು. ಕೊನೇ ಬೀದಿಗೆ ನೀರು ಬರದಿದ್ದರೆ ಟ್ಯಾಂಕಿನ ಪಕ್ಕದ ಮನೆಯವರಿಗೆ ಗೊತ್ತಾಗೋದೇ ಇಲ್ಲ, ನಿಜ ತಾನೇ? ಊರಿನ ನೀರಿನ ಯೋಜನೆ ತಯಾರು ಮಾಡಿ ಗ್ರಾಮ ಸಭೆ ಮುಂದೆ ಇಡೋದು, ನೀರಿನ ಕಂದಾಯ ಎತ್ತೋದು, ನೀರು ಪರೀಕ್ಷೆ ಮಾಡಿಸೋದು, ಎಲ್ಲಾ ಈ ಸಮಿತಿಯ ಕೆಲಸ. ಪರೀಕ್ಷೆ ಮಾಡೋಕೆ ಪ್ರತಿ ಊರಿನಲ್ಲೂ ಐದು ಜನ ಹೆಂಗಸರಿಗೆ ತರಬೇತಿ ಕೊಟ್ಟು ಕಿಟ್ ಕೊಡಬೇಕಂತಲೂ ಇದೆ.

ಇದೆಲ್ಲ ಹೊಸದು ಅಂತ ತಿಳಿಯಬೇಡಿ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಸಾವಿರದ ನೂರು ವರ್ಷದ ಹಿಂದೆಯೇ ಕೆರೆಗೊಂದು ಸಮಿತಿ, ತೋಟಕ್ಕೊಂದು ಸಮಿತಿ ಇತ್ತು. ಒಂದನೇ ಪರಾಂತಕ ಚೋಳನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳಲ್ಲಿ ಇದರ ನಿಯಮ ಕೆತ್ತಿದ್ದಾರೆ. ಎಲ್ಲಿ ಗೊತ್ತಾ? ದೇವಸ್ಥಾನದ ಗೋಡೆ ಮೇಲೆ! ಅದೂ ಒಂದು ಗೋಡೆ ಪತ್ರಿಕೆಯೇ, ನಮ್ಮದರಂತೆ ಮಳೆಗೆ ನೆನೆದು ಹೋಗಲಿಲ್ಲ ಅಷ್ಟೇ. ಊರನ್ನು 30 ಭಾಗ ಮಾಡಿ, ಯೋಗ್ಯರ ಹೆಸರನ್ನು ಓಲೆಗರಿಯಲ್ಲಿ ಬರೆದು ಗಡಿಗೆಗೆ ಹಾಕಿ, ಏನೂ ತಿಳಿಯದ ಒಬ್ಬ ಚಿಕ್ಕ ಹುಡುಗನ ಕೈಲಿ ಎತ್ತಿಸುತ್ತಿದ್ದರು. ಒಂದು ವರ್ಷ ಮಾತ್ರ ಅಧಿಕಾರ. ಲೆಕ್ಕ ಒಪ್ಪಿಸದವನನ್ನು ಮತ್ತೆ ಸೇರಿಸುವ ಹಾಗಿಲ್ಲ, ಅವನ ನೆಂಟರನ್ನೂ ಸೇರಿಸುವ ಹಾಗಿಲ್ಲ. ಇದು ನನಗೆ ಬಹಳ ಹಿಡಿಸಿತು. ಆದರೆ ಆ ಗಡಿಗೆಯಲ್ಲಿ ಹೆಸರು ಬೀಳೋಕೆ ವೇದ ಓದಿರಬೇಕು, ಸ್ವಂತ ಜಮೀನು ಇರಬೇಕು, ಗಂಡಸಾಗಿರಬೇಕು. ನಮ್ಮವ್ವನಿಗೆ ಅಲ್ಲಿ ಜಾಗ ಇರಲಿಲ್ಲ.

ಪಟ್ಟಣದವರ ಕಥೆ ಬೇರೆ. ನಮ್ಮ ಸೋದರಮಾವ ಇರೋದು ಪಟ್ಟಣ ಪಂಚಾಯಿತಿಯಲ್ಲಿ, ಅಂದರೆ 10 ಸಾವಿರದಿಂದ 20 ಸಾವಿರ ಜನ ಇರೋ ಊರು. ಅಲ್ಲಿ ಕೌನ್ಸಿಲರುಗಳಿದ್ದಾರೆ. ಆದರೆ ನಿವಾಸಿಗಳು ಕೂರೋ ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿರೋದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಊರಿಗೆ ಮಾತ್ರ. “ನಿಮಗಾದ್ರೂ ವರ್ಷಕ್ಕೆ ಎರಡು ಸಲ ಗ್ರಾಮ ಸಭೆ ಐತೆ, ಎದ್ದು ನಿಂತು ಕೇಳಬೋದು. ನಾವು ಚರಂಡಿಗೂ ಕೌನ್ಸಿಲರ ಮನೆ ಬಾಗಿಲಿಗೇ ಹೋಗಬೇಕು” ಅಂತ ಮಾವ ಹೇಳ್ತಾರೆ. ಅವರ ಮಾತು ಕೇಳಿ ನಮ್ಮಪ್ಪ ನಕ್ಕರು. ಗ್ರಾಮ ಸಭೆಗೆ ಅಪ್ಪ ಒಂದು ಸಲವೂ ಹೋಗಿಲ್ಲ.

ಅವ್ವ ಹೋದಳು. ಮೊದಲು ಬೇಡ ಅಂದಳು, ಗಂಡಸರ ಮಧ್ಯೆ ಏನು ಮಾತಾಡೋದು ಅಂತ. ಮೇಷ್ಟ್ರು ಮನೆಗೇ ಬಂದು, “ನೀವು ಏನೂ ಭಾಷಣ ಮಾಡಬೇಕಿಲ್ಲಮ್ಮ, ನನ್ನ ಸಮಿತಿ ಮೀಟಿಂಗ್ ಯಾವಾಗ ಅಂತ ಕೇಳಿ ಸಾಕು” ಅಂದರು. ಅವ್ವ ಅಷ್ಟನ್ನೇ ಕೇಳಿದಳಂತೆ. ಪಟ್ಟಿಯಲ್ಲಿದ್ದ ಇನ್ನೂ ಮೂರು ಜನ ಹೆಂಗಸರು ಅಲ್ಲೇ ಎದ್ದು ನಿಂತು ತಮಗೂ ಗೊತ್ತಿಲ್ಲ ಅಂದರಂತೆ. ಹದಿನೈದು ದಿನಕ್ಕೆ ಮೀಟಿಂಗ್ ಕರೆದರು. ಬೀರುವಿನಿಂದ ನೀರು ಪರೀಕ್ಷೆಯ ಕಿಟ್ಟೂ ಹೊರಗೆ ಬಂತು, ಸೀಲು ಒಡೆಯದೆ!

ಪರೀಕ್ಷೆ ಮಾಡುವಾಗ ನಾನೂ ನೋಡಿದೆ. ನೀರಿಗೆ ಔಷಧದ ಹನಿ ಹಾಕಿ, ಬಂದ ಬಣ್ಣವನ್ನು ಚಾರ್ಟಿಗೆ ಹಿಡಿದು ನೋಡೋದು. ನಮ್ಮ ಶಾಲೆಗೆ ನೀರು ಬರೋ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಜಾಸ್ತಿ ತೋರಿಸಿತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಕುಡಿಯಬಹುದು. ಇದು ಅದನ್ನೂ ದಾಟಿತ್ತು. ಹಲ್ಲಿನ ಮೇಲೆ ಕಂದು ಗೆರೆ ಮೂಡೋದು ಇದರಿಂದಲೇ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಮೂರನೇ ತರಗತಿಯ ಚಿಕ್ಕವರ ಹಲ್ಲು ನೋಡಿ ನಾವು ಸರಿಯಾಗಿ ಉಜ್ಜಲ್ಲ ಅಂತ ಆಡಿಕೊಳ್ಳುತ್ತಿದ್ದೆವಲ್ಲ, ಅದು ಅವರ ತಪ್ಪಲ್ಲ. ನೆನಪಿಡಿ, ನೀರು ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ.

ಸಮಿತಿ ಹೇಳಿದ್ದೆಲ್ಲ ತಕ್ಷಣ ಆಗಿಬಿಡೋದಿಲ್ಲ. ಪಂಚಾಯಿತಿ ಸಭೆಗೆ ಬರಬೇಕು, ನಡವಳಿ ಪುಸ್ತಕದಲ್ಲಿ ಬರೆಯಬೇಕು, ದುಡ್ಡು ಇರಬೇಕು. ಕಿಟ್ಟಿನ ಲೆಕ್ಕ ಅಂದಾಜು ಮಾತ್ರ ಆದ್ದರಿಂದ ಅದೇ ನೀರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ವರದಿ ಬಂದ ಮೇಲೆ ಕೆರೆ ಹತ್ತಿರದ ಬೋರ್‌ವೆಲ್ಲಿನಿಂದ ಶಾಲೆಗೆ ಪೈಪು ಎಳೆಯೋ ಮಾತಿದೆ. ಅಲ್ಲಿಯವರೆಗೆ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನು ತರಬೇಕೆಂದು ಎಸ್.ಡಿ.ಎಂ.ಸಿ.ಯವರು ತೀರ್ಮಾನಿಸಿ, ನಾಣ್ಯಕ್ಕೆ ದುಡ್ಡು ಕೊಟ್ಟಿದ್ದಾರೆ. ಕೈ ತೊಳೆಯೋಕೆ, ಗಿಡಕ್ಕೆ ನಲ್ಲಿ ನೀರೇ ಆಗುತ್ತೆ.

ಈ ವಾರ ಕ್ಯಾನು ತರೋ ಸರದಿ ನಮ್ಮ ತರಗತಿಯದು, ಮುಂದಿನ ವಾರ ಏಳನೇ ತರಗತಿಯವರದು. ಗಟ್ಟಿ ಕ್ಯಾರಿಯರ್ ಇರೋ ಸೈಕಲ್ ಯಾರ ಹತ್ತಿರ ಇದೆಯೋ ಶನಿವಾರದೊಳಗೆ ನನಗೆ ಹೇಳಿ. ನಮ್ಮದರ ಸ್ಟ್ಯಾಂಡು ಮುರಿದಿದೆ.

(8ನೇ ತರಗತಿ)